ಸಾಕು ಎನ್ನುವ ಕೋಶಗಳು

ಮಾಲೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಜೀವಶಾಸ್ತ್ರದ ಮೇಷ್ಟ್ರು ಮಾತಿಗೆ ಮುಂಚೆ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. ಆಮೇಲೆ, "ಸಾಕು ಅನ್ನೋರು ಒಬ್ರು ಬೇಕಮ್ಮ" ಎನ್ನುತ್ತಿದ್ದರು. ಗಾಯವಾದರೆ ಮೈಯೊಳಗೇ ರಿಪೇರಿ ಶುರುವಾಗುತ್ತದಂತೆ. ಅದು ಅತಿಯಾಗದಂತೆ ತಡೆಯಲು ನಿಯಂತ್ರಕ ಟಿ ಕೋಶಗಳಿವೆಯಂತೆ. ಅವುಗಳ ಮಾತು ನಡೆಯದಿದ್ದರೆ ತೇಪೆಯ ಮೇಲೆ ತೇಪೆ ಬಿದ್ದು, ಮೆತ್ತಗಿರಬೇಕಾದ ಜಾಗ ನಾರುಗಟ್ಟಿ ಬಿಗಿದುಕೊಳ್ಳುತ್ತದಂತೆ. ನಾನು ಸೊಪ್ಪು ಬಿಡಿಸುತ್ತಾ ಎಷ್ಟೋ ಸಲ ಕೇಳಿದ್ದೇನೆ.

ಒಮ್ಮೆ ಮುದ್ದೆಗಿಟ್ಟ ಎಸರು ಅವರ ಹೆಂಡತಿಯ ಬಲಗೈ ಮೇಲೆ ಚೆಲ್ಲಿತು. ಕಟ್ಟಿದ ಪಟ್ಟಿಯನ್ನು ಮುಟ್ಟಬೇಡಿ, ಕೆದಕಿದರೆ ಬೆರಳು ಮಡಚಲಾರದಂತೆ ಬಿಗಿದೀತು ಎಂದರು ಡಾಕ್ಟರು. ಮೇಷ್ಟ್ರು ಬೆಳಿಗ್ಗೆಯೂ ಸಂಜೆಯೂ ಪಟ್ಟಿ ಬಿಚ್ಚಿ ನೋಡಿದರು. ಒಂದು ದಿನ ಜೇನುತುಪ್ಪ ಹಚ್ಚಿದರು, ಇನ್ನೊಂದು ದಿನ ಲೋಳೆಸರ. ಗಾಯ ಕೆಂಪಗೇ ಉಳಿಯಿತು.

"ಬೆರಳು ಮಡಚದಿದ್ರೆ ನಿಮಗೆ ಮುದ್ದೆ ಕಟ್ಟೋರು ಯಾರ್ರೀ? ಸಾಕು ಬಿಡಿ" ಎಂದು ಆಕೆ ಗದರಿದರು.

"ಇವತ್ತೊಂದ್ಸಲ ನೋಡ್ಬಿಡ್ತೀನಿ ಕಣೇ."

ಮರುದಿನವೇ ಆಕೆ ವಕ್ಕಲೇರಿಯ ಅಕ್ಕನ ಮನೆಗೆ ಹೋದರು. ಆ ಅಕ್ಕನಿಗೆ ಹಸುಗಳ ಹಾಲು ಕರೆದು ಡೈರಿಗೆ ಹಾಕುವುದರಲ್ಲೇ ಹೊತ್ತು ಹೋಗುತ್ತಿತ್ತು. ತಂಗಿಯ ಗಾಯವನ್ನು ಬಿಚ್ಚಿ ನೋಡಲು ಪುರುಸೊತ್ತಿರಲಿಲ್ಲ.

ಗಾಯ ಮಾಗಿದ ಮೇಲೆ ಆಕೆ ಹಿಂತಿರುಗಿದರು. ಅಂದು ನಾನು ಅವರ ಮನೆಗೆ ಮಜ್ಜಿಗೆ ಕೊಡಲು ಹೋಗಿದ್ದೆ. ಆಕೆಯ ಬೆರಳುಗಳು ಸಲೀಸಾಗಿ ಮಡಚಿದವು, ದುಂಡನೆಯ ಮುದ್ದೆಯೊಂದು ತಟ್ಟೆಗೆ ಬಿತ್ತು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ನೋಡಿದ್ರೇನಮ್ಮ, ನಿಯಂತ್ರಕ ಕೋಶಗಳು ಹೆಂಗೆ ಕೆಲಸ ಮಾಡ್ತವೆ?"

"ವಕ್ಕಲೇರೀಲಿ ಮಾಡ್ತವೆ" ಎಂದು ಆಕೆ ಸಾರು ಬಡಿಸಿದರು.