ಬ್ಯಾಟಿನ ಅಂಚು, ದಾನಪ್ಪನವರ ಕಿವಿ

ಡಾಲಸ್ ಪಕ್ಕದ ಅಲೆನ್‌ನ ದಾನಪ್ಪನವರಿಗೆ ಹೊಟ್ಟೆ ಹೊರೆಯುವ ಕೆಲಸ ಒಂದು, ಹೆಸರು ತಂದುಕೊಟ್ಟ ಕೆಲಸ ಇನ್ನೊಂದು. ವಾರದ ಐದು ದಿನ ಪಕ್ಕದೂರು ಪ್ಲೇನೋದ ಕಂಪನಿಯೊಂದರಲ್ಲಿ ಸೇತುವೆಗಳ ನಕ್ಷೆ ತಿದ್ದುತ್ತಿದ್ದರು. ಅದೇನೆಂದು ವಿಚಾರಿಸಿದವರು ಯಾರೂ ಇಲ್ಲ. ಭಾನುವಾರ ಬಿಳಿ ಕೋಟು ತೊಟ್ಟು ಅಂಪೈರ್ ಆಗಿ ನಿಂತರೆ ಮಾತ್ರ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡಿಗರು ಅವರನ್ನು ಬಲ್ಲರು. ಬಾಗಲಕೋಟೆಯ ಈ ಮನುಷ್ಯನ ಕಿವಿ ಅಂಥದ್ದು! ಚೆಂಡು ಬ್ಯಾಟಿನ ಅಂಚನ್ನು ಕೂದಲೆಳೆಯಷ್ಟು ಸವರಿ ಹೋದರೂ ಅವರಿಗೆ ಗೊತ್ತಾಗುತ್ತಿತ್ತು. ಪ್ಯಾಡಿಗೆ ಬಡಿದ ಸದ್ದೇ ಬೇರೆ, ಬ್ಯಾಟು ನೆಲಕ್ಕೆ ತಾಗಿದ ಸದ್ದೇ ಬೇರೆ ಅನ್ನುತ್ತಿದ್ದರು. ನಮ್ಮವರ ಪಂದ್ಯಗಳಿಗೆ ಕ್ಯಾಮೆರಾ ಎಲ್ಲಿಂದ ಬರಬೇಕು, ಮೂರನೆಯ ಅಂಪೈರ್ ಎಲ್ಲಿಂದ ಬರಬೇಕು? ಇದ್ದದ್ದು ದಾನಪ್ಪನವರ ಕಿವಿ ಮಾತ್ರ.

ಮೂರು ಊರಿನ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಟೂರ್ನಮೆಂಟ್ ಆಡುತ್ತಿದ್ದವು. ಎರಡು ಊರಿನವರು ಆಡುವಾಗ ಅಂಪೈರ್ ಮೂರನೆಯ ಊರಿನವರೇ ಆಗಬೇಕು ಎಂಬುದು ಕಟ್ಟಳೆ. ಜಗಳ ಆಡಿ ಆಡಿ ಸಾಕಾಗಿ ಮಾಡಿಕೊಂಡದ್ದು ಅದು. ದಾನಪ್ಪನವರಿಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. ಡಾಲಸ್ ಆಡುವಾಗಲೂ ಎದುರು ತಂಡದವರೇ ಬಂದು "ನೀವೇ ನಿಲ್ಲಿ ಅಂಕಲ್" ಅನ್ನುತ್ತಿದ್ದರು. ಈ ಮಾತನ್ನು ಅವರು ಹೆಂಡತಿ ಕುಮುದಾಗೆ ಎಷ್ಟು ಸಲ ಹೇಳಿದ್ದರೋ, ಪಾಪ, ಆಕೆಗೆ ಬಾಯಿಪಾಠವಾಗಿಹೋಗಿತ್ತು.

ಎರಡು ಸಾವಿರದ ಹದಿನಾರರ ಫೆಬ್ರವರಿ, ಒಂದು ಸೋಮವಾರ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬಲಗಿವಿ ಒಮ್ಮೆಲೇ ಮುಚ್ಚಿಕೊಂಡಿತು. ನೋವಿಲ್ಲ, ಸೋರುವುದಿಲ್ಲ. ಒಳಗೆ ಗುಂಯ್ ಎನ್ನುವ ಸದ್ದೊಂದು, ಅಷ್ಟೇ. ಫೋನು ಬಲಗಿವಿಗೆ ಹಿಡಿದರೆ ಮಾತೇ ಇಲ್ಲ, ಎಡಗಿವಿಗೆ ಹಿಡಿದರೆ ಎಲ್ಲ ಸರಿ.

ಆರು ತಿಂಗಳ ಮಟ್ಟಿಗೆ ಊರಿನಿಂದ ಬಂದಿದ್ದ ತಾಯಿ ಗಂಗವ್ವ ಕೂತಲ್ಲೇ ತೀರ್ಮಾನ ಕೊಟ್ಟುಬಿಟ್ಟರು. "ಥಂಡಿ ಹೊಕ್ಕೈತಿ ತಮ್ಮಾ. ಇಷ್ಟಕ್ಕೆಲ್ಲಾ ಡಾಕ್ಟರ್ ಅಂತ ಓಡಬ್ಯಾಡ. ಬಳ್ಳೊಳ್ಳಿ ಎಣ್ಣಿ ಬಿಡ್ತೀನಿ, ಮೂರು ದಿನದಾಗ ಆರಾಮಾಗ್ತೈತಿ."

ಐವತ್ತಮೂರು ವರ್ಷದ ಇಂಜಿನಿಯರ್ ಅಡುಗೆಮನೆಯ ಕುರ್ಚಿಯಲ್ಲಿ ತಲೆ ವಾಲಿಸಿ ಕೂತರು. ಚಿಕ್ಕಂದಿನಲ್ಲಿ ಇದೇ ಎಣ್ಣೆಗೆ ಕಿವಿನೋವು ಹೋದದ್ದು ನೆನಪಿತ್ತಲ್ಲ! ಬೆಚ್ಚಗಿನ ಬೆಳ್ಳುಳ್ಳಿ ಎಣ್ಣೆ ಇಳಿದಾಗ ಹಾಯೆನಿಸಿತು. ಮೂರು ದಿನ ಆರಾಯಿತು, ಆರು ದಿನ ಹದಿನೈದಾಯಿತು. ಕುಮುದಾಗೆ ತಡೆಯಲಾಗಲಿಲ್ಲ.

"ಕಿವಿ ಅಂದ್ರ ಏನ್ ಬದನಿಕಾಯಿ ಪಲ್ಯಾ ಏನ್ರಿ, ದಿನಾ ಒಗ್ಗರಣಿ ಕೊಡಾಕ? ಏಳ್ರಿ, ಕಾರ್ ತಗೀರಿ."

ಕಿವಿ ಡಾಕ್ಟರು ವಯಸ್ಸಾದ ಹೆಂಗಸು, ಗಟ್ಟಿಯಾಗಿ ಮಾತಾಡುವವರು. ಎಷ್ಟು ದಿನವಾಯಿತು ಎಂದರು. ಹದಿನೈದು ಎಂದಾಗ ಪೆನ್ನು ಕೆಳಗಿಟ್ಟರು. ಹೀಗೆ ದಿಢೀರನೆ ಕಿವಿ ಹೋದರೆ ಎರಡು ಮೂರು ದಿನದೊಳಗೆ ಬರಬೇಕಿತ್ತು, ಬೇಗ ಕೊಟ್ಟಷ್ಟೂ ಔಷಧಿ ಹಿಡಿಯುತ್ತದೆ ಎಂದರು. ಆದರೂ ಸ್ಟಿರಾಯ್ಡ್ ಮಾತ್ರೆ ಕೊಟ್ಟರು, ಕಿವಿಯೊಳಗೆ ಇಂಜೆಕ್ಷನ್ ಕೊಟ್ಟರು. ಅಷ್ಟಿಷ್ಟು ವಾಪಸ್ ಬಂತು. ಬಲಗಿವಿಗೆ ಯಾರೋ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತಿತ್ತು, ಏನು ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತಿರಲಿಲ್ಲ.

ಸ್ಕ್ಯಾನ್ ಮಾಡಿಸಿದಾಗ ಕಾರಣ ಸಿಕ್ಕಿತು. ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಬಟಾಣಿ ಕಾಳಿನಷ್ಟು ಗಡ್ಡೆ. "ಇದು ಕ್ಯಾನ್ಸರ್ ಅಲ್ಲ, ಎಲ್ಲಿಗೂ ಹರಡುವುದಿಲ್ಲ. ನಿಧಾನವಾಗಿ ಬೆಳೆಯುತ್ತದೆ, ಕೆಲವರಲ್ಲಿ ಬೆಳೆಯುವುದೇ ಇಲ್ಲ. ತೆಗೆಯಲು ಹೋದರೆ ಉಳಿದದ್ದೂ ಹೋಗಬಹುದು. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಿರೋಣ," ಎಂದರು ಡಾಕ್ಟರು.

ದಾನಪ್ಪನವರು ಕೇಳಿದ್ದು ಒಂದೇ ಪ್ರಶ್ನೆ: ಅಂಪೈರಿಂಗ್ ಮಾಡಬಹುದೇ? ಆಕೆಗೆ ಕ್ರಿಕೆಟ್ ಗೊತ್ತಿರಲಿಲ್ಲ. ಒಂದೇ ಕಿವಿಯಲ್ಲಿ ಸದ್ದು ಕೇಳಿಸುತ್ತದೆ, ಯಾವ ಕಡೆಯಿಂದ ಬಂತೆಂದು ಗೊತ್ತಾಗುವುದು ಕಷ್ಟ ಎಂದಷ್ಟೇ ಹೇಳಿದರು. ಕ್ಯಾನ್ಸರ್ ಅಲ್ಲ ಎಂದಾಗ ಆದ ಸಮಾಧಾನವನ್ನೆಲ್ಲ ಈ ಮಾತು ನುಂಗಿಹಾಕಿತು.

ತಾಯಿಗೆ ಅವರು ತಡವಾದ ಸಂಗತಿ ಹೇಳಲಿಲ್ಲ. "ಎಣ್ಣೀಲೆ ಅರ್ಧಾ ಆರಾಮಾತವ್ವಾ" ಎಂದು ಹೇಳಿ ಊರಿಗೆ ವಿಮಾನ ಹತ್ತಿಸಿದರು. ಸಂಘದವರಿಗಂತೂ ಏನನ್ನೂ ಹೇಳಲಿಲ್ಲ. ಕುಮುದಾ ಕಿವಿಮಾತು ಹೇಳಿದಳು, ಜಗಳವಾಡಿದಳು, ಮಾತು ಬಿಟ್ಟಳು. ಉಹುಂ!

"ಹೇಳಿದ್ರ ನನ್ನ ಯಾರ್ ಕರೀತಾರ ಹೇಳು? ಪಾರ್ಕಿಂಗ್ ನೋಡ್ಕೋರಿ ಅಂಕಲ್ ಅಂತಾರ," ಎಂದರು ದಾನಪ್ಪ. ಆ ಹೆದರಿಕೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಇಪ್ಪತ್ತು ವರ್ಷ ನಿಂತ ಜಾಗ ಅದು, ಬಿಟ್ಟರೆ ತಾನು ಯಾರು?

ಬೇಸಿಗೆಯ ಪಂದ್ಯಗಳನ್ನು ಹೇಗೋ ದಾಟಿಸಿದರು. ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿದರು. ಬೌಲರ್‌ನ ಮುಖ, ಕೀಪರ್‌ನ ಜಿಗಿತ, ಬ್ಯಾಟ್ಸ್‌ಮನ್‌ನ ಕಳ್ಳನೋಟ ನೋಡಿ ತೀರ್ಪು ಕೊಟ್ಟರು. ಯಾರಿಗೂ ಅನುಮಾನ ಬರಲಿಲ್ಲ. ಅದೇ ಅವರಿಗೆ ಧೈರ್ಯ ಕೊಟ್ಟಿತು.

ಅಕ್ಟೋಬರ್‌ನಲ್ಲಿ ಆಸ್ಟಿನ್‌ನಲ್ಲಿ ಫೈನಲ್. ಡಾಲಸ್‌ಗೂ ಹ್ಯೂಸ್ಟನ್‌ಗೂ ಪಂದ್ಯ. ಹ್ಯೂಸ್ಟನ್ ತಂಡದ ನಾಯಕ ಪ್ರಹ್ಲಾದ್, ಆ ಊರಿನ ಬಡಾವಣೆಯಾದ ಕ್ಲಿಯರ್ ಲೇಕ್‌ನ ಇಂಜಿನಿಯರ್, ಎಂದಿನಂತೆ ತಾನೇ ಬಂದು "ನೀವೇ ನಿಲ್ಲಿ ಅಂಕಲ್" ಎಂದ. ನಿಂತರು.

ಕೊನೆಯ ಓವರ್. ಡಾಲಸ್‌ನ ಕೊನೆಯ ಜೋಡಿ. ಎರಡು ಚೆಂಡಿಗೆ ನಾಲ್ಕು ರನ್ ಬೇಕು. ಬ್ಯಾಟು ಹಿಡಿದವನು ಅಲೆನ್‌ನವನೇ ಆದ ನಿಶ್ಚಲ್, ಬೌಲರ್ ಪ್ರಹ್ಲಾದ್. ಗಾಳಿ ಬೀಸುತ್ತಿತ್ತು, ಅಂಚಿನಲ್ಲಿ ಜನ ಕೂಗುತ್ತಿದ್ದರು. ಚೆಂಡು ಬ್ಯಾಟಿನ ಪಕ್ಕದಲ್ಲೇ ಹಾದು ಕೀಪರ್ ಕೈ ಸೇರಿತು. ಹನ್ನೊಂದು ಜನವೂ ಕೈಯೆತ್ತಿ ಅರಚಿದರು.

ಟಕ್ ಎಂಬ ಸದ್ದೇನೋ ದಾನಪ್ಪನವರಿಗೆ ಕೇಳಿಸಿತು. ಬ್ಯಾಟಿನಿಂದಲೋ, ನೆಲದಿಂದಲೋ, ಬೇಲಿಯಾಚೆಯ ರಸ್ತೆಯಿಂದಲೋ? ನಿಶ್ಚಲ್‌ನ ಮುಖ ಗೋಡೆಯ ಹಾಗಿತ್ತು. ಅವರು ತಲೆಯಾಡಿಸಿದರು. ನಾಟೌಟ್.

ಹ್ಯೂಸ್ಟನ್‌ನ ಹುಡುಗರು ಗಲಾಟೆಗೆ ಇಳಿದರು. ಪ್ರಹ್ಲಾದ್ ಅವರನ್ನು ಗದರಿದ. "ಏಯ್, ಸಾಕು ನಡೀರೋ. ಅಂಕಲ್‌ಗೇ ಕೇಳಿಸ್ಲಿಲ್ಲ ಅಂದ್ರೆ ತಾಗಿಲ್ಲ, ಅಷ್ಟೇ."

ಎದುರು ತಂಡದ ನಾಯಕ, ಸೋತರೂ ಸೋಲಬಹುದಾದವನು ಆಡಿದ ಮಾತು! ಬೈದಿದ್ದರೆ ದಾನಪ್ಪ ತಡೆದುಕೊಳ್ಳುತ್ತಿದ್ದರು. ಇದನ್ನು ತಡೆದುಕೊಳ್ಳಲಾಗಲಿಲ್ಲ. ಸುಮ್ಮನಿದ್ದರೆ ಈ ಜನ್ಮಕ್ಕೆ ಯಾರಿಗೂ ಗೊತ್ತಾಗುವುದಿಲ್ಲ, ತಮ್ಮೂರೇ ಗೆದ್ದರೂ ಗೆಲ್ಲಬಹುದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ನಿಲ್ಲಸ್ರಿ," ಎಂದರು. ಎಲ್ಲರೂ ನಿಂತರು. "ಎಂಟು ತಿಂಗಳಾತು, ನನ್ನ ಬಲಗಿವಿ ಹೋಗೇತಿ. ನರದ ಮ್ಯಾಲೆ ಗಡ್ಡಿ ಐತಿ. ನಿಮಗ್ಯಾರಿಗೂ ಹೇಳಲಿಲ್ಲ, ತಪ್ಪು ನಂದು. ಈಗ ಸದ್ದು ಬಂತು, ಎಲ್ಲಿಂದ ಬಂತೋ ತಿಳೀಲಿಲ್ಲ. ತಿಳೀದನ ತೀರ್ಪು ಕೊಟ್ಟೆ."

ಆಮೇಲೆ, ಇಪ್ಪತ್ತು ವರ್ಷದಲ್ಲಿ ಯಾವ ಬ್ಯಾಟ್ಸ್‌ಮನ್‌ನನ್ನೂ ಕೇಳದಿದ್ದುದನ್ನು ನಿಶ್ಚಲ್‌ನನ್ನು ಕೇಳಿದರು. "ತಾಗಿತೇನಪಾ?"

ನಿಶ್ಚಲ್ ಗ್ಲೌಸ್ ಬಿಚ್ಚುತ್ತ ನೆಲ ನೋಡಿದ. "ತಾಗ್ತು ಅಂಕಲ್."

ದಾನಪ್ಪನವರು ಬೆರಳೆತ್ತಿದರು. ಹ್ಯೂಸ್ಟನ್ ಗೆದ್ದಿತು. ಪ್ರಹ್ಲಾದ್ ಕುಣಿಯಲಿಲ್ಲ, ಬಂದು ಅವರ ಹೆಗಲ ಮೇಲೆ ಕೈಯಿಟ್ಟು ನಿಂತ. ಅವರ ಕಣ್ಣು ತುಂಬಿತ್ತು. ಜಾಗ ಹೋಯಿತೆಂಬ ದುಃಖ ದುಃಖವೇ.

ಹೊರಗೆ ನಡೆಯುತ್ತಿದ್ದ ನಿಶ್ಚಲ್ ಅವರ ಬಲಕ್ಕೆ ನಿಂತು ಏನೋ ಹೇಳಿದ.

"ಈ ಕಡೆ ಬಂದು ಹೇಳಪಾ," ಎಂದರು ದಾನಪ್ಪ.

ಅವನು ಸುತ್ತಿ ಎಡಕ್ಕೆ ಬಂದ. "ನೀವು ಬಾಯಿ ಬಿಡ್ದೇ ಇದ್ದಿದ್ರೆ ನಾನೂ ಬಿಡ್ತಿರ್ಲಿಲ್ಲ ಅಂಕಲ್."

"ನಾನೂ ಬಿಡ್ತಿರಲಿಲ್ಲೋ," ಎಂದರು ದಾನಪ್ಪ, "ಆ ಪ್ರಹ್ಲಾದ ನನ್ನ ಅಷ್ಟು ನಂಬದ ಇದ್ದಿದ್ರ."