ಗ್ಯಾರೇಜಿನ ಹಿಂದಿನ ಬೀಜಿ

ಬೀಜಿಯ ಬಲಗೈ ಬೆರಳುಗಳು ಯಾವಾಗಲೂ ನೀಲಿ. ಸೋರುವ ಪೆನ್ನು ಹಿಡಿದು ಬೆಳಗಿನಿಂದ ಪಂಜಾಬಿಯಲ್ಲಿ ಕತೆ ಬರೆದು, ಅದೇ ಕೈಯಿಂದ ಹಿಟ್ಟು ನಾದುತ್ತಿದ್ದರು. ನಾನು ಮುಖ ಸಿಂಡರಿಸಿದರೆ, "ತಿನ್ನಲೇ, ಶಾಯಿ ಹೊಟ್ಟ್ಯಾಗ ಹೋದ್ರ ಶಾಣ್ಯಾ ಆಗ್ತಿ" ಎನ್ನುವರು. ಕನ್ನಡ ಕಲಿತದ್ದು ಲಾರಿ ಡ್ರೈವರುಗಳಿಂದ. ಹೀಗಾಗಿ ಹೆಣ್ಣುಮಕ್ಕಳಿಗೂ 'ಲೇ' ಅನ್ನುವುದೇ ಅವರ ಅಕ್ಕರೆ.

ಲೋಕಾಪುರದ ರಸ್ತೆಬದಿಯಲ್ಲಿ ಅವರ ಮಗನ ಲಾರಿ ಗ್ಯಾರೇಜು, ಅದರ ಹಿಂದೆ ಮನೆ. ಬೀಜಿ ಎಂದರೆ ಅವರ ಭಾಷೆಯಲ್ಲಿ ಅಮ್ಮ, ಎಲ್ಲರೂ ಹಾಗೇ ಕರೆಯುತ್ತಿದ್ದರು. ಪಕ್ಕದ ಸೋದರಮಾವನ ಮನೆಯಲ್ಲಿ ನಾನು ಕಾಲೇಜಿಗೆಂದು ಇದ್ದೆ. ದೇಶ ಒಡೆದಾಗ ಆಚೆ ಕಡೆಯಿಂದ ಓಡಿಬಂದವರು ಬೀಜಿ. ದಾರಿಯಲ್ಲಿ ಕಂಡದ್ದನ್ನೆಲ್ಲ ಕತೆ ಮಾಡಿದ್ದರು. ಊರು ಬಿಡುವ ಹಿಂದಿನ ದಿನದ್ದನ್ನು ಮಾತ್ರ ಬರೆದಿರಲಿಲ್ಲ.

ಆ ವರ್ಷ ಬೀಳಗಿ ಕಡೆಯ ನಮ್ಮೂರಿಗೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು. ಜನ ಬಾಗಿಲು, ಚೌಕಟ್ಟು, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಹೊಸ ಊರಿನಲ್ಲಿ ಸದ್ಯಕ್ಕೆ ತಗಡಿನ ಶೆಡ್ಡುಗಳು. ಅಲ್ಲಿಗೆ ಹೋಗುವ ಮೊದಲೇ ಹರೆಯದ ಹುಡುಗಿಯರನ್ನು ಅವಸರವಸರವಾಗಿ ಮದುವೆ ಮಾಡಿ ಕಳಿಸುತ್ತಿದ್ದರು. ನನ್ನನ್ನೂ ಸಾವಳಗಿಯ ಸೋದರತ್ತೆಯ ಮಗನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಕುಡಿದು ಬಂದು ಹೆತ್ತ ತಾಯಿಯ ಮೇಲೂ ಕೈಮಾಡುವವನು ಅವನು. ಅಪ್ಪ ಕರೆದೊಯ್ಯಲು ಬಂದಾಗ ನಾನು ಓಡಿಹೋಗಿ ಬೀಜಿಯ ಹಿಂದೆ ನಿಂತೆ.

ಅಪ್ಪ ಅಲ್ಲಿಗೂ ಬಂದ. "ಬಾಗಲಾ ಇಲ್ಲದ ಶೆಡ್ಡಿನ್ಯಾಗ ಹರೇದ ಹುಡುಗಿನ್ನ ಹೆಂಗ ಇಟ್ಕೊಳ್ಳಲಿರೀ? ಮಾನಾ ಹೋದ್ರ ಏನ್ ಮಾಡ್ಲಿ?" ಎಂದ.

ಬೀಜಿ ಕೈ ಒರೆಸಿಕೊಂಡರು. "ನಮ್ಮಪ್ಪನೂ ಹಿಂಗ ಅಂದಿದ್ದ, ಭಾಯ್. ದಂಗೆ ಮಂದಿ ಬರ್ತಾರಂತ ನಮ್ಮಕ್ಕನ್ನ ತಾನ ಕಡದ. ನಾ ಸಣ್ಣಾಕಿ ಅಂತ ಬಿಟ್ಟ. ಬೆಳಗಾತು. ನಮ್ಮೂರಿಗೆ ಯಾರೂ ಬರಲೇ ಇಲ್ಲ."

ಕೊಟ್ಟ ಚಹಾ ಮುಟ್ಟದೆ ಅಪ್ಪ ಒಬ್ಬನೇ ಬಸ್ಸು ಹತ್ತಿದ.

ನಾನು ಉಳಿದೆ. ಆದರೆ ಊರಲ್ಲಿ ಮದುವೆಯ ಹಂದರ ಹಾಕಿಯಾಗಿತ್ತು. ಹಾಕಿದ ಹಂದರ ಹಾಗೇ ಬಿಚ್ಚಬಾರದೆಂದು ಹಿರಿಯರು ಅದರಡಿಯಲ್ಲೇ ಚಿಕ್ಕಪ್ಪನ ಮಗಳನ್ನು ಅವನಿಗೆ ಕೊಟ್ಟರು. ನನಗಿಂತ ಚಿಕ್ಕವಳು, ನನಗೆಂದು ತಂದ ಸೀರೆಯನ್ನೇ ಉಟ್ಟಳು. ವರ್ಷ ತುಂಬುವುದರೊಳಗೆ ಸುಟ್ಟು ಸತ್ತಳೆಂದು ಸುದ್ದಿ ಬಂತು. ಸ್ಟೋ ಸಿಡಿಯಿತು ಎಂದರು ಅತ್ತೆಯ ಮನೆಯವರು. ನಮ್ಮವರೂ ಅದನ್ನೇ ಹೇಳತೊಡಗಿದರು.

ನನ್ನಿಂದ ಸುದ್ದಿ ಕೇಳಿ ಬೀಜಿ ಆ ದಿನ ಒಲೆ ಹಚ್ಚಲಿಲ್ಲ. ಮರುದಿನದಿಂದ ಅಕ್ಕನ ಕತೆ ಬರೆಯಲು ಕೂತರು. ಬರೆಯುತ್ತ ಅಳುವರು, ಅಳುತ್ತ ಡ್ರೈವರುಗಳನ್ನು ಬೈಯುವರು. ಮುಗಿಸಿದ ಮೇಲೆ ನನ್ನನ್ನು ಕರೆದು, "ನಮ್ಮಕ್ಕಂದು ಬರೀಲಾಕ ಇಡೀ ಜನ್ಮಾನ ಹಿಡೀತು ನನಗ. ನೀ ಅಷ್ಟ ತಡಾ ಮಾಡಬ್ಯಾಡಲೇ" ಎಂದರು.

ಕಳೆದ ಮಳೆಗಾಲದಲ್ಲಿ ಬೀಜಿ ತೀರಿಕೊಂಡರು. ನನ್ನ ಜೀವ ಅವರು ಕೊಟ್ಟದ್ದು, ಆ ಋಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಆ ತಂಗಿಯನ್ನು ಮಣ್ಣು ಮಾಡಿದ ದಿನ ನಾನು ಸಾವಳಗಿಯ ಆ ಅಡುಗೆಮನೆಯೊಳಗೆ ಹೋಗಿದ್ದೆ. ಸ್ಟೋ ತನ್ನ ಜಾಗದಲ್ಲೇ ಇತ್ತು, ಮೇಲೆ ಅರ್ಧ ಬೆಂದ ಬೇಳೆ. ಅದು ಸಿಡಿದಿರಲಿಲ್ಲ.