ಸವರುವ ಕಾಲು

ಅತ್ತೆಯ ಎಡಗಾಲಿನ ಹಿಮ್ಮಡಿ ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟಿರುತ್ತಿತ್ತು. ಬಲಗಾಲಿನದು ಮಾತ್ರ ನುಣುಪು. ದಿನವೂ ಸ್ನಾನವಾದ ಮೇಲೆ ಬಲಗಾಲೊಂದಕ್ಕೇ ಹರಳೆಣ್ಣೆ ಹಚ್ಚುತ್ತಿದ್ದಳು. ಎಡಗಾಲೇನು ಪಾಪ ಮಾಡಿತ್ತು ಎಂದು ಕೇಳಿದರೆ, "ಅದು ನಂದು ಕಣೇ, ಹೆಂಗಾದ್ರೂ ಇರ್ಲಿ. ಇದು ಊರೋರ ಮೈಮೇಲೆ ಇಡೋದು, ಒರಟಾಗಿರಬಾರ್ದು" ಎನ್ನುತ್ತಿದ್ದಳು.

ಅವಳು ನನ್ನ ಅಪ್ಪನ ಅಕ್ಕ. ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವಳು. ಅಂಥವರ ಕಾಲು ತಾಗಿದರೆ ಸೊಂಟದ ಉಳುಕು ಹೋಗುತ್ತದೆಂದು ನಮ್ಮ ಕಡೆಯ ನಂಬಿಕೆ. ಗುಬ್ಬಿಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮುಗಿಸಿ ಅವಳು ಮನೆಗೆ ಬರುವಷ್ಟರಲ್ಲಿ ಜಗುಲಿಯ ಮೇಲೆ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಕೂತಿರುತ್ತಿದ್ದರು. ತೆಂಗಿನಕಾಯಿ ಮೂಟೆ ಹೊರುವವರೇ ಹೆಚ್ಚು. ಅವರನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಕಿಟಕಿಯ ಸರಳು ಹಿಡಿದು ನಿಂತು, ಬಲಗಾಲಿನಿಂದ ಮೂರು ಸಲ ಸವರುತ್ತಿದ್ದಳು. ಅಷ್ಟೇ, ಭಾರ ಬಿಡುತ್ತಿರಲಿಲ್ಲ. "ಒಸಿ ಗಟ್ಟಿಯಾಗಿ ತುಳೀರಮ್ಮ" ಎಂದು ಯಾರಾದರೂ ಅಂದರೆ, "ಸವರೋಕೆ ನಾನು. ತುಳಿಸ್ಕೊಳ್ಳೋದಾದ್ರೆ ಕೋಣ ಹುಡುಕ್ಕೊಂಡು ಹೋಗು" ಎಂದು ಎಬ್ಬಿಸಿ ಕಳಿಸುತ್ತಿದ್ದಳು. ಬಹಳ ಜನಕ್ಕೆ ನಾಲ್ಕು ದಿನ ಬಿಟ್ಟರೆ ತಾನಾಗಿಯೇ ಹೋಗುವ ನೋವು ಅದು. ಹೆಸರು ಅತ್ತೆಗೆ ಬರುತ್ತಿತ್ತು. ಇದು ಅವಳಿಗೂ ಗೊತ್ತಿತ್ತೆಂದೇ ನನ್ನ ಗುಮಾನಿ.

ನನ್ನ ಅಣ್ಣ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿದ್ದ. ಕಬ್ಬಿಣದ ಪಟ್ಟಿ ಎತ್ತುವಾಗ ಅವನ ಸೊಂಟ ಹಿಡಿದುಕೊಂಡಿತು. ಹದಿನೈದು ದಿನವಾದರೂ ಬಿಡಲಿಲ್ಲ. ಬಲಗಾಲು ಪಾದದವರೆಗೂ ಜೋಮು. ಆಸ್ಪತ್ರೆಗೆ ಹೋದರೆ ಆಪರೇಷನ್ ಅನ್ನುತ್ತಾರೆಂಬ ಭಯ ಅವನಿಗೆ. ನನಗೋ ಆಗ ಫೋನಿನಲ್ಲಿ ಕೈರೋಪ್ರಾಕ್ಟರ್‌ಗಳ ವಿಡಿಯೊ ನೋಡುವ ಹುಚ್ಚು. ಬಿಳಿ ಕೋಟಿನವನೊಬ್ಬ ಬೆನ್ನು ಒತ್ತುತ್ತಾನೆ, ಲಟಲಟ ಸದ್ದು ಬರುತ್ತದೆ, ಮಲಗಿದ್ದವರು ಎದ್ದು ನಗುತ್ತಾರೆ. ಅಲ್ಲಿಗೆ ಮುಗಿಯುತ್ತದೆ. ಮರುದಿನ ಅವರು ಹೇಗಿದ್ದರೆಂದು ಯಾರೂ ತೋರಿಸುವುದಿಲ್ಲ, ನಾನೂ ಯೋಚಿಸಿದವಳಲ್ಲ.

ಅಣ್ಣನನ್ನು ಬಸ್ಸಿನಲ್ಲಿ ಗುಬ್ಬಿಗೆ ಕರೆದೊಯ್ದೆ. ಅತ್ತೆ ಎಂದಿನಂತೆ ಮೂರು ಸಲ ಸವರಿದಳು. ಅವನಿಗೆ ಏಳಲಾಗಲಿಲ್ಲ. ನಾನು ಫೋನು ಅವಳ ಮುಖಕ್ಕೆ ಹಿಡಿದೆ.

"ಸವರಿದ್ರೆ ಏನೂ ಆಗಲ್ಲ ಅತ್ತೆ. ಇಲ್ನೋಡು, ಹಿಂಗೆ ಒತ್ತಬೇಕು. ಸದ್ದು ಬಂದ್ರೇನೇ ಮೂಳೆ ಕೂತ್ಕೊಳ್ಳೋದು."

"ನಂಗೆ ಗೊತ್ತಿಲ್ದಿದ್ದು ಬ್ಯಾಡ ಕಣೇ."

"ಡಾಕ್ಟ್ರೇ ಮಾಡ್ತಾವ್ರೆ. ಒಂದೇ ಸಲ ಒತ್ತು."

ಓದಿದ ಹುಡುಗಿಯೆಂದು ನನ್ನ ಮಾತಿಗೆ ಅವಳು ಬೆಲೆ ಕೊಡುತ್ತಿದ್ದಳು. ಸರಳು ಬಿಟ್ಟು ಹಿಮ್ಮಡಿಯೂರಿದಳು. ಲಟಕ್ಕೆಂದಿತು. ಅಣ್ಣ "ಹಾ, ಬುಡ್ತು" ಎಂದು ನಕ್ಕ, ಎದ್ದು ಕೂತು ಟೀ ಕುಡಿದ. ಮರುದಿನ ಬೆಳಿಗ್ಗೆ ಅವನಿಗೆ ಮೂತ್ರ ಕಟ್ಟಿತು, ಬಲಪಾದ ಎತ್ತಲಾಗಲಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು, "ಡಿಸ್ಕ್ ಮೊದಲೇ ಜಾರಿ ನರ ಒತ್ತುತ್ತಿತ್ತು. ತುಳಿದಿದ್ದರಿಂದಲೇ ಹಿಂಗಾಯ್ತು ಅಂತ ಹೇಳೋಕಾಗಲ್ಲ, ಅಲ್ಲ ಅಂತಾನೂ ಹೇಳೋಕಾಗಲ್ಲ. ಕಾಲು ಜೋಮು ಇದೆ ಅಂದ್ಮೇಲೆ ಪರೀಕ್ಷೆ ಮಾಡಿಸದೆ ಯಾರೂ ಬೆನ್ನು ಒತ್ತಬಾರದಿತ್ತು" ಎಂದರು. ಆಪರೇಷನ್ ಆಯಿತು, ನೋವು ಹೋಯಿತು. ಪಾದ ಮಾತ್ರ ಏಳಲಿಲ್ಲ. ಚಪ್ಪಲಿ ಜಾರಿ ಹೋದರೂ ಅವನಿಗೆ ಗೊತ್ತಾಗುವುದಿಲ್ಲ.

"ತುಳೀರಿ ಅಂದೋರು ಯಾರು ನಿಮಗೆ?" ಎಂದು ಅತ್ತಿಗೆ ಆಸ್ಪತ್ರೆಯ ಬಾಗಿಲಲ್ಲೇ ಅತ್ತೆಯನ್ನು ಕೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

"ಯಾರೂ ಅನ್ಲಿಲ್ಲ ಕಣವ್ವ. ನಾನೇ ಕೋಣ ಆದೆ" ಎಂದಳು ಅತ್ತೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಔಷಧಿ ಚೀಟಿ ಹಿಡಿದು ಅಂಗಡಿಯ ಕಡೆ ನಡೆದೆ. ಅಣ್ಣನಿಂದಲೂ ಅವಳು ಆಣೆ ಮಾಡಿಸಿಕೊಂಡಳಂತೆ: "ನಿನ್ ಹೆಂಡ್ತಿಗೆ ಹೇಳ್ಬ್ಯಾಡ ಕಣ್ಲಾ. ಅತ್ತಿಗೆ ನಾದಿನಿ ಜೀವಮಾನೆಲ್ಲ ಮುಖ ನೋಡ್ಬೇಕಾದೋರು. ನಂದೇನು."

ಅಣ್ಣ ಅತ್ತಿಗೆ ಅವಳ ತವರು ಕುಣಿಗಲ್‌ಗೆ ಹೋಗಿ ನೆಲೆಸಿದರು. ಅತ್ತೆ ಬಲಗಾಲಿಗೂ ಎಣ್ಣೆ ಹಚ್ಚುವುದನ್ನು ಬಿಟ್ಟಳು. ಜಗುಲಿಗೆ ಬಂದವರನ್ನು, "ಕಾಲು ಜೋಮು ಇದ್ಯಾ? ಒಂದಕ್ಕೆ ಸಲೀಸಾಗಿ ಆಗ್ತದಾ?" ಎಂದು ಕೇಳುತ್ತಿದ್ದಳು. ಏನೇ ಉತ್ತರ ಬಂದರೂ ಸರ್ಕಾರಿ ಆಸ್ಪತ್ರೆಗೆ ಅಟ್ಟುತ್ತಿದ್ದಳು. ಹಬ್ಬ ಬಂದರೆ ನನ್ನ ಕೈಲಿ ಕುಣಿಗಲ್‌ಗೆ ರವೆ ಉಂಡೆ ಕಳಿಸುತ್ತಿದ್ದಳು. ಅತ್ತಿಗೆ ಡಬ್ಬಿ ತೆರೆಯದೆ ವಾಪಸು ಕೊಡುತ್ತಿದ್ದಳು. ನಾನು ದಾರಿಯಲ್ಲಿ ಯಾರಿಗಾದರೂ ಹಂಚಿ, ಎಲ್ಲರೂ ತಿಂದರು ಎಂದು ಅತ್ತೆಗೆ ಹೇಳುತ್ತಿದ್ದೆ. ನಾಲ್ಕು ವರ್ಷ ಹೀಗೇ ನಡೆಯಿತು. ಒಂದು ಮಾತಿನಲ್ಲಿ ಮುಗಿಸಬಹುದಾಗಿದ್ದನ್ನು ನಾನು ಹೇಡಿಯ ಹಾಗೆ ಎಳೆದೆ.

ಹೋದ ಆಷಾಢದಲ್ಲಿ ಅತ್ತೆ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಳು. ಅತ್ತಿಗೆ ಊರಿನವರ ಬಾಯಿಗೆ ಹೆದರಿ ಬಂದಳು, ಆದರೆ ಒಳಗೆ ಬರಲಿಲ್ಲ. ಶಾಮಿಯಾನದ ಕೆಳಗೆ ದೂರ ನಿಂತಳು. ನಾನು ಅವಳ ಹತ್ತಿರ ಹೋದೆ.

"ಅತ್ತಿಗೆ, ಒತ್ತು ಅಂದೋಳು ನಾನು. ಅತ್ತೆ ಬ್ಯಾಡ ಅಂದಿದ್ಲು."

ಕೆನ್ನೆಗೆ ಬಾರಿಸುತ್ತಾಳೆಂದುಕೊಂಡೆ. ಬಾರಿಸಿದ್ದರೆ ಒಳ್ಳೆಯದಿತ್ತು. ಅವಳು ಒಳಗೆ ಅತ್ತೆಯನ್ನು ಮಲಗಿಸಿದ್ದ ಕಡೆ ನೋಡಿ, "ಮೊನ್ನೆ ಹೇಳಿದ್ರೂ ಆಗ್ತಿತ್ತಲ್ಲೇ" ಎಂದಳು.